ಕೋತಿಯ ಬಾಯಿ, ಯಾರ ನಾಲಿಗೆ?

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಮಾತಾಡುವ ಗೊಂಬೆಯ ಬಗ್ಗೆ ಬರೆಯುವುದೇನಿದೆ ಎಂದು ಕೇಳುವವರು ಇರಬಹುದು. ನಮ್ಮನ್ನು ಅಳಿಸಿದ ಬರಹಗಳನ್ನು ನಾವು ಎಷ್ಟು ಶ್ರದ್ಧೆಯಿಂದ ಓದಿದ್ದೇವೋ, ನಮ್ಮನ್ನು ಇಟ್ಟುಕೊಂಡು ನಕ್ಕ ಆಟಗಳನ್ನು ಅಷ್ಟು ಶ್ರದ್ಧೆಯಿಂದ ಓದಿಲ್ಲ. ಅವಮಾನ ಬೈಗುಳದ ರೂಪದಲ್ಲಿ ಬಂದರೆ ಗುರುತು ಹಿಡಿಯುವುದು ಸುಲಭ. ನಗೆಯ ರೂಪದಲ್ಲಿ ಬಂದರೆ ನಾವೂ ಕೂತು ನಕ್ಕುಬಿಟ್ಟಿರುತ್ತೇವೆ.

ನನಗೆ ಹತ್ತು ವರ್ಷ ಇರಬಹುದು. ನಮ್ಮ ಹೊನ್ನೂರಿನ ಹಬ್ಬಕ್ಕೆ ಮಾತಾಡೋ ಗೊಂಬೆಯವನೊಬ್ಬ ಬಂದಿದ್ದ. ಕೋಟು ತೊಟ್ಟ ಮನುಷ್ಯ, ಅವನ ತೊಡೆಯ ಮೇಲೆ ಒಂದು ಕೋತಿ. ಊರಿನವರು ಕುರ್ಚಿಯಲ್ಲಿ, ಕೇರಿಯ ನಾವು ಹಿಂದೆ ದೀಪದ ಕಂಬದ ಹತ್ತಿರ. ಮನುಷ್ಯ ಪುಸ್ತಕದ ಕನ್ನಡ ಆಡುತ್ತಿದ್ದ. ಕೋತಿ ಮಾತ್ರ ನಮ್ಮ ಕನ್ನಡ ಆಡುತ್ತಿತ್ತು, ಮಾತುಮಾತಿಗೂ 'ಬುದ್ಧಿ' ಅನ್ನುತ್ತಿತ್ತು. 'ಊಟ ಆಯಿತೇನೋ?' ಅಂತ ಅವನು ಕೇಳಿದ. 'ನೀವು ಬುಟ್ಟಿದ್ರೆ ತಾನೆ ಬುದ್ಧಿ, ನಾನು ಉಣ್ಣದು' ಅಂದಿತು ಕೋತಿ. ಕುರ್ಚಿಗಳೆಲ್ಲ ನಕ್ಕವು. ನಮ್ಮವ್ವನೂ ನಕ್ಕಳು.

ಮಾರನೆಯ ದಿನ ಶಾಲೆಯಲ್ಲಿ ಆ ಕೋತಿಯ ಹೆಸರು ಹಿಡಿದು ನನ್ನನ್ನು ಕೂಗಿದರು. ಮನೆಗೆ ಬಂದು ಅತ್ತೆ. ಅವ್ವ ಅಂದಳು: 'ಅಳ್ತೀಯ ಯಾಕ್ಲಾ? ಆ ಕೋತಿ ದಿಟ ಹೇಳ್ತು ಕಣ್ಲಾ.'

ಆ ಒಂದು ಮಾತಿಗೆ ಎರಡು ನಗೆ ಹುಟ್ಟಿದ್ದವು ಎಂಬುದು ನನಗೆ ಗೊತ್ತಾದದ್ದು ಎಂ.ಎ. ಮುಗಿದ ಮೇಲೆ. ಕುರ್ಚಿಗಳು ನಕ್ಕದ್ದು ಕೋತಿ ಎಂಜಲು ತಿನ್ನುತ್ತದೆ ಎಂದು. ಅವ್ವ ನಕ್ಕದ್ದು ಧಣಿ ಏನನ್ನೂ ಬಿಡುವುದಿಲ್ಲ ಎಂದು. ಮಾತು ಒಂದೇ, ಕೂತ ಜಾಗ ಬೇರೆ. ಹಾಗಾದರೆ ಈ ಕೋತಿ ಯಾರ ಕಡೆಯದು?

ಹಾಸ್ಯಕ್ಕೆ ಕೀಳು ಭಾಷೆ ಬೇಕು ಎಂಬ ನಂಬಿಕೆ ಹಳೆಯದು. ಸಂಸ್ಕೃತ ನಾಟಕದ ವಿದೂಷಕ ಜಾತಿಯಲ್ಲಿ ಬ್ರಾಹ್ಮಣ, ಆದರೆ ಅವನ ಬಾಯಿಗೆ ಕೊಟ್ಟದ್ದು ಪ್ರಾಕೃತ. ಅವನನ್ನು ಕೋತಿಗೆ ಹೋಲಿಸುವುದೂ ಉಂಟು. ಅಂದರೆ ಮೇಲ್ಜಾತಿಯವನೇ ನಗಿಸಬೇಕಾದರೂ ಒಂದು ಮೆಟ್ಟಿಲು ಕೆಳಗಿಳಿದು ಮಾತಾಡಬೇಕು. ಆದರೆ ಇದೇ ಹಾಸ್ಯದ ನಿಯಮ ಅಂತ ಒಪ್ಪಬೇಕಾಗಿಲ್ಲ. 1968ರಿಂದ 1980ರವರೆಗೆ ಬಿಬಿಸಿಯಲ್ಲಿ ಬಂದ ಬ್ಯಾಸಿಲ್ ಬ್ರಷ್ ಎಂಬ ನರಿಗೊಂಬೆಯನ್ನು ನೋಡಿ. ಜೊತೆಗಿದ್ದ ಮನುಷ್ಯನನ್ನು ಅದು 'ಮಿಸ್ಟರ್ ಡೆರೆಕ್' ಎಂದು ಮರ್ಯಾದೆಯಿಂದಲೇ ಕರೆದು ಗೇಲಿ ಮಾಡುತ್ತಿತ್ತು. ಆದರೆ ಅದರ ಇಂಗ್ಲಿಷು ದೊಡ್ಡಮನೆಯವರದು. ಕುದುರೆ ಏರಿ ನರಿಬೇಟೆ ಆಡುವವರ ನುಡಿಯನ್ನು ನರಿಯೇ ಆಡಿತು. ಅದನ್ನು ಆಡಿಸುತ್ತಿದ್ದ ಐವನ್ ಓವನ್ ಮಾತ್ರ ಜನರಿಗೆ ಮುಖ ತೋರಿಸದೆ ಉಳಿದ. ನಮ್ಮ ಕೋತಿಗೆ ಕುರ್ಚಿಯವರ ಕನ್ನಡ ಕೊಟ್ಟು, ಕೋಟಿನವನಿಂದ 'ಬುದ್ಧಿ' ಅನ್ನಿಸಿದ್ದರೆ ಹೊನ್ನೂರು ನಗುತ್ತಿತ್ತೇ?

ಈ ಪ್ರಶ್ನೆ ಹಿಡಿದು ತೊಗಲುಗೊಂಬೆಯ ಪರದೆಯ ಮುಂದೆ ಕೂತರೆ ಇನ್ನೊಂದು ಲೋಕ ಕಾಣುತ್ತದೆ. ಅಲ್ಲಿ ಗೊಂಬೆಯ ಗಾತ್ರವೇ ಅಂತಸ್ತಿನ ಅಳತೆ: ದೇವರು, ರಾಜರು ದೊಡ್ಡವರು, ಆಳುಕಾಳು ಚಿಕ್ಕವರು. ಗಣಪತಿ, ಸರಸ್ವತಿಯರ ಪೂಜೆ ಮುಗಿದ ಮೇಲೆ ಕಿಳ್ಳೇಕ್ಯಾತ ಬರುತ್ತಾನೆ, ಜೊತೆಗೆ ಹೆಂಡತಿ ಬಂಗಾರಕ್ಕ. ಕಪ್ಪು ಮೈ, ಡೊಳ್ಳು ಹೊಟ್ಟೆ, ನಾಚಿಕೆಯಿಲ್ಲದ ಮಾತು. ರಾಮಾಯಣದ ನಡುವೆ ಆ ಊರಿನ ಜಗಳವನ್ನೇ ತಂದು ಇಡುತ್ತಾನೆ. ಇಲ್ಲಿ ಗೊಂಬೆಯ ಹೆಸರೂ ಅದನ್ನು ಆಡಿಸುವ ಕೈಯ ಜಾತಿಯ ಹೆಸರೂ ಒಂದೇ. ಸಿಳ್ಳೇಕ್ಯಾತರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವವರು. ರಾಮನ ಗೊಂಬೆಯನ್ನು ಆಡಿಸುವುದೂ ಅದೇ ಕೈ, ಆದರೆ ಅವರನ್ನು ರಾಮನ ಹೆಸರಿನಿಂದ ಯಾರೂ ಕರೆಯಲಿಲ್ಲ. ಕೊಪ್ಪಳದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಊರೂರಲ್ಲಿ ನಗೆಗೀಡಾಗಿದ್ದ ಒಂದು ಹೆಸರು ರಾಷ್ಟ್ರಪತಿ ಭವನ ಮುಟ್ಟಲು ಎಷ್ಟು ತಲೆಮಾರು ಬೇಕಾಯಿತು ಎಂಬುದನ್ನೂ ಲೆಕ್ಕ ಹಾಕಬೇಕು.

ಎರಡು ಆಟಗಳಿಗೂ ಇರುವ ವ್ಯತ್ಯಾಸ ಇದು. ಕೋತಿಯ ಆಟದಲ್ಲಿ ನಾಲಿಗೆ ನಮ್ಮದು, ಕೈ ಅವರದು. ಕಿಳ್ಳೇಕ್ಯಾತನ ಆಟದಲ್ಲಿ ಕೈಯೂ ನಾಲಿಗೆಯೂ ಆಡಿಸುವವರದೇ, ಬೆಲೆ ಕಟ್ಟುವವರು ಮಾತ್ರ ಬೇರೆ. ಮೊದಲನೆಯದನ್ನು ಬರೀ ಅವಮಾನ ಎಂದು ಬಿಸಾಡಿದರೆ ಅವ್ವನ ನಗೆಗೆ ಮೋಸ ಮಾಡಿದಂತೆ. ಎರಡನೆಯದನ್ನು 'ದೇಸಿ ಪ್ರತಿಭಟನೆ' ಎಂದು ಹೊಗಳಿ ಸುಮ್ಮನಾದರೆ ಆಡಿಸಿದವರ ಹಸಿವನ್ನು ಮರೆತಂತೆ.

ಕೊನೆಗೆ ನನ್ನ ಮಾತು. ವಿಚಾರ ಸಂಕಿರಣಗಳಿಗೆ ನನ್ನನ್ನೂ ಕರೆಯುತ್ತಾರೆ. ದಲಿತ ಗೋಷ್ಠಿ ಅಂತ ಒಂದು ಇರುತ್ತದೆ, ಬಹುತೇಕ ಊಟದ ನಂತರ. ಸ್ವಲ್ಪ ಕುಟುಕಬೇಕು, ಸ್ವಲ್ಪ ನಗಿಸಬೇಕು, ನಮ್ಮ ಕಡೆಯ ಭಾಷೆಯಲ್ಲಿ ಎರಡು ಮಾತು ಆಡಬೇಕು. ನಾನೂ ಆಡಿದ್ದೇನೆ. ಚಪ್ಪಾಳೆ ಬಿದ್ದಿದೆ. ಆಗೆಲ್ಲ ನನ್ನ ಬೆನ್ನೊಳಗೆ ಯಾರದೋ ಕೈ ಇದೆಯಾ ಅಂತ ತಡಕಿ ನೋಡಿಕೊಳ್ಳುವಂತಾಗುತ್ತದೆ. ಹಾಗಂತ ನಗುವುದನ್ನು ಬಿಟ್ಟು ಬರೀ ಗಂಭೀರರಾಗಿಬಿಟ್ಟರೆ ಅದೂ ಅವರು ಬರೆದುಕೊಟ್ಟ ಇನ್ನೊಂದು ಪಾತ್ರವೇ.

ನಮ್ಮ ಸೀಮೆಯಲ್ಲಿ ದಾರಿ ಇದೆ. ಚಿಕ್ಕಲ್ಲೂರು ಜಾತ್ರೆಗೆ ಹೋದವರು ತಂಬೂರಿ ಹಿಡಿದ ನೀಲಗಾರರ ಹಾಡು ಕೇಳಿರುತ್ತಾರೆ. ಅವರ ಮಂಟೇಸ್ವಾಮಿ ಯಾರೂ ಮುಟ್ಟಲಾರದ ರೂಪದಲ್ಲಿ ಕಲ್ಯಾಣಕ್ಕೆ ಹೋಗಿ ಶರಣರನ್ನೇ ಪರೀಕ್ಷೆ ಮಾಡುತ್ತಾನೆ. ಅಲ್ಲೂ ಗೇಲಿ ಇದೆ, ಕೊಂಕು ಇದೆ. ಆದರೆ ಅವನು ಯಾರ ತೊಡೆಯ ಮೇಲೂ ಕೂತಿಲ್ಲ, ಯಾರಿಗೂ 'ಬುದ್ಧಿ' ಅನ್ನುವುದಿಲ್ಲ. ದಲಿತ ವಿಮರ್ಶೆ ಕಲಿಯಬೇಕಾದದ್ದು ಆ ನಗೆಯನ್ನು. ಅವ್ವನಿಗೆ ಅದು ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ.