ಅಲೆ ಕೇಳದ ಪ್ರಶ್ನೆ

ಸೋಮಾರಿ ಕಣ್ಣಿನ (ಆಂಬ್ಲಿಯೋಪಿಯಾ) ದೃಷ್ಟಿಪಥವನ್ನು ಅಳೆಯಲು, ನೋಟಕ್ಕೆ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯನ್ನು ದಾಖಲಿಸುವ ವಿಇಪಿಗಿಂತ (ವಿಷುಯಲ್ ಇವೋಕ್ಡ್ ಪೊಟೆನ್ಶಿಯಲ್) ನಂಬಿಕಸ್ತ ಪರೀಕ್ಷೆ ಇಲ್ಲ ಎಂಬ ಮಾತಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಂದಿದೆ. ನರವಿಜ್ಞಾನಿಗಳಾದ ಹ್ಯೂಬೆಲ್, ವೀಸೆಲ್ ಬೆಕ್ಕಿನ ಮರಿಗಳಲ್ಲಿ ತೋರಿಸಿಕೊಟ್ಟ ಮೇಲೆ ಕೊರತೆ ಮಿದುಳಿನಲ್ಲಿದೆ ಎಂಬುದರಲ್ಲಿ ತಕರಾರಿಲ್ಲ. ಹಾಗಾದರೆ ಮಿದುಳನ್ನೇ ಕೇಳೋಣ ಎಂಬ ತರ್ಕವೂ ಸರಿಯೇ. ಆದರೆ ಕೇಳುವ ಪ್ರಶ್ನೆ ಯಾವುದು? ತಲೆಯ ಹಿಂಬದಿಗೆ ಎಲೆಕ್ಟ್ರೋಡ್ ಅಂಟಿಸಿ, ಪರದೆಯ ಮೇಲಿನ ಕಪ್ಪು ಬಿಳುಪು ಚೌಕಗಳನ್ನು ಅದಲುಬದಲು ಮಾಡುತ್ತ, ಸುಮಾರು 100 ಮಿಲಿಸೆಕೆಂಡಿಗೆ ಏಳುವ ಅಲೆಯ ಎತ್ತರವನ್ನೂ ತಡವನ್ನೂ ನೋಡುತ್ತಾರೆ. 1 ಡಿಗ್ರಿಯ ದೊಡ್ಡ ಚೌಕಕ್ಕೆ ಸೋಮಾರಿ ಕಣ್ಣೂ ಎಷ್ಟೋ ಸಲ ಚೆನ್ನಾಗಿಯೇ ಸ್ಪಂದಿಸುತ್ತದೆ, 0.25 ಡಿಗ್ರಿಯ ಸಣ್ಣ ಚೌಕಕ್ಕೆ ಅಲೆ ಕುಗ್ಗುತ್ತದೆ. ಕನ್ನಡಕ ಬೇಕಿದ್ದೂ ಹಾಕದ ಮಗುವಿನಲ್ಲಿ, ಪರದೆಯಿಂದ ಆಚೆ ನೋಡಿದ ಮಗುವಿನಲ್ಲಿ ಕೂಡ ಅದು ಕುಗ್ಗುತ್ತದೆ. ಆರೋಗ್ಯವಂತರಲ್ಲೇ ಅಲೆಯ ಎತ್ತರ ಒಬ್ಬರದ್ದು ಒಬ್ಬರಿಗಿಲ್ಲವಾದ್ದರಿಂದ, ಒಂದೇ ಮಗುವಿನ ಎರಡು ಕಣ್ಣುಗಳನ್ನು ಹೋಲಿಸುವುದಷ್ಟೇ ಉಳಿಯುವ ದಾರಿ. ಕುಗ್ಗಿದೆ ಎಂದು ತಿಳಿಯುತ್ತದೆ, ಏಕೆ ಕುಗ್ಗಿತೆಂದು ತಿಳಿಯುವುದಿಲ್ಲ.

ಅಕ್ಷರಫಲಕಕ್ಕೆ ಮಗುವಿನ ಉತ್ತರ ಬೇಕು, ಅಲೆಗೆ ಆ ಹಂಗಿಲ್ಲ ಎನ್ನುವ ತಜ್ಞರೊಂದಿಗೆ ನನ್ನ ಜಗಳ ಇಲ್ಲೇ. ಹಂಗಿಲ್ಲದಿರುವುದು ಬೇರೆ, ಕೊರತೆಯನ್ನು ಮುಟ್ಟುವುದು ಬೇರೆ. ಸೋಮಾರಿ ಕಣ್ಣಿನ ಎದ್ದುಕಾಣುವ ತೊಂದರೆ ಇಕ್ಕಟ್ಟಿನದು: ಒಂಟಿ ಅಕ್ಷರವನ್ನು ಗುರುತಿಸುವ ಕಣ್ಣು, ಅಷ್ಟೇ ಗಾತ್ರದ ಅಕ್ಷರ ಸಾಲಿನ ನಡುವೆ ಬಂದರೆ ತಡವರಿಸುತ್ತದೆ. ಚೌಕಗಳ ಪರದೆ ಇದನ್ನು ವಿಚಾರಿಸುವುದೇ ಇಲ್ಲ. ಮಾತು ಬಾರದ ಕೂಸಿಗೆ, ಕಣ್ಣಿನ ನರದ ಕಾಯಿಲೆ ಸೋಮಾರಿ ಕಣ್ಣೆಂದು ತೋರುವಾಗ ವಿಇಪಿ ಬೇಕು, ಒಪ್ಪುತ್ತೇನೆ. ಅಷ್ಟಕ್ಕೆ ಅದನ್ನು ಎಲ್ಲ ಕಣ್ಣುಗಳ ತೀರ್ಪುಗಾರನಾಗಿ ಕೂರಿಸಬೇಕಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ, ಮೂಡಿಗೆರೆ, ಕಳಸದ ಕಡೆ ಒಂಟಿ ಅಕ್ಷರಕ್ಕೂ ಸಾಲಿನ ಅಕ್ಷರಕ್ಕೂ ಇರುವ ಈ ಭೇದ ಪುಸ್ತಕದ ಮಾತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ತಪಾಸಣೆಯಿದೆ. ತೋಟದ ಲೈನ್ ಮನೆಯ ಮಗುವಿಗೆ ಅದೇ ಮೊದಲ ಕಣ್ಣಿನ ಪರೀಕ್ಷೆಯಾಗಿರಬಹುದು. ವಿಇಪಿ ಯಂತ್ರವಿಲ್ಲವಲ್ಲ ಎಂದು ಕೊರಗುವ ಮುನ್ನ ಕೈಯಲ್ಲಿರುವ ಕಾರ್ಡನ್ನು ನೋಡಬೇಕು. ಇಂಗ್ಲಿಷಿನ ಇ ಅಕ್ಷರವನ್ನು ಒಂದೊಂದೇ ಹಿಡಿದು ತೋರಿಸಿದರೆ ಸೋಮಾರಿ ಕಣ್ಣು ಪಾಸಾಗಿಬಿಡಬಹುದು, ಚಿಕಿತ್ಸೆ ಚೆನ್ನಾಗಿ ಫಲಿಸುವ ಏಳರೊಳಗಿನ ವಯಸ್ಸೂ ದಾಟಿಹೋಗುತ್ತದೆ. ಅದೇ ಅಕ್ಷರದ ಸುತ್ತ ಹತ್ತಿರದಲ್ಲೇ ನಾಲ್ಕು ಗೆರೆ ಇದ್ದರೆ ಸಾಕು, ಕಾರ್ಡು ಇಕ್ಕಟ್ಟನ್ನೂ ಅಳೆಯುತ್ತದೆ. ಜೊತೆಗೆ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಸದೆ ಪಟ್ಟಿ ಅಂಟಿಸಬೇಕು. ಬೆರಳ ಸಂದಿಯಿಂದ ಇಣುಕಿ ಓದಿದ ಸಾಲು ಯಾವ ಕಣ್ಣಿನದ್ದೆಂದು ಆಮೇಲೆ ಯಾರೂ ಹೇಳಲಾರರು.