ಕೆಟನರಿ ತಂತಿಯಲ್ಲಿ ಕ್ಯಾಡ್ಮಿಯಂ

ಹಲಸಂಗಿ, ಇಂಡಿಯ ಸೀಮೆಗೆ ರೈಲು ಎಂದರೆ ಹೋಟಗಿ–ಗದಗ ಮಾರ್ಗ. ಲಚ್ಯಾಣ, ಇಂಡಿ ರೋಡ್, ನಿಂಬಾಳ ದಾಟಿ ವಿಜಯಪುರಕ್ಕೆ, ಅಲ್ಲಿಂದ ಬಸವನ ಬಾಗೇವಾಡಿಯ ಕಡೆಗೆ ಹೋಗುವ ಈ ಹಳಿಯ ಮೇಲೆ ಈಗ 25 ಕಿಲೋವೋಲ್ಟ್ ವಿದ್ಯುತ್ ತಂತಿ ಬಂದಿದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ತಲೆಯೆತ್ತಿದರೆ ಒಂದರ ಮೇಲೊಂದು ಎರಡು ತಂತಿ ಕಾಣುತ್ತವೆ. ಕೆಳಗಿನದು ಎಂಜಿನ್ನಿನ ಪ್ಯಾಂಟೋಗ್ರಾಫ್ ಉಜ್ಜುವ ಕಾಂಟ್ಯಾಕ್ಟ್ ತಂತಿ, ಮೇಲಿನದು ಅದನ್ನು ಹೊತ್ತಿರುವ ಕೆಟನರಿ. ನಮ್ಮ ರೈಲ್ವೆಯ ರೂಢಿಯ ವಿನ್ಯಾಸದಲ್ಲಿ ಕೆಳಗಿನದು 107 ಚದರ ಮಿಲಿಮೀಟರಿನ ಬರಿಯ ತಾಮ್ರ. ಮೇಲಿನದು 19 ಎಳೆ ಹೊಸೆದ, 65 ಚದರ ಮಿಲಿಮೀಟರಿನ ಕ್ಯಾಡ್ಮಿಯಂ ತಾಮ್ರ. ಈ ಆಯ್ಕೆ ಎಷ್ಟು ಸರಿ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಅದರ ಗುಣ ಹೇಳಬೇಕು. ತಾಮ್ರಕ್ಕೆ ಏನು ಬೆರೆಸಿದರೂ ವಾಹಕತೆ ಕುಗ್ಗುತ್ತದೆ, ಏಕೆಂದರೆ ಹೊರಗಿನ ಪರಮಾಣುಗಳು ಎಲೆಕ್ಟ್ರಾನುಗಳ ದಾರಿಗೆ ಅಡ್ಡ ಬರುತ್ತವೆ. ಆದರೆ ಎಲ್ಲ ಬೆರಕೆಗಳ ಅಡ್ಡಿಯೂ ಒಂದೇ ಸಮ ಅಲ್ಲ. ಶೇ. 0.04ರಷ್ಟು ರಂಜಕ ಸೇರಿದರೂ ಸಾಕು, ವಾಹಕತೆಯ ಐದನೇ ಒಂದು ಭಾಗ ಹೋಗಿಬಿಡುತ್ತದೆ. ಕ್ಯಾಡ್ಮಿಯಮ್ಮನ್ನು ಶೇ. 1ರಷ್ಟು ಹಾಕಿದರೂ ಶುದ್ಧ ತಾಮ್ರದ ಶೇ. 80ರ ಆಸುಪಾಸು ವಾಹಕತೆ ಉಳಿಯುತ್ತದೆ. ಬಲ ಮಾತ್ರ ಬರಿಯ ತಾಮ್ರದ ಒಂದೂವರೆ ಪಟ್ಟಿಗೆ ಏರುತ್ತದೆ. ಸಾವಿರ ಕಿಲೋ ಭಾರದ ಸೆಳೆತದಲ್ಲಿ, ಕಂಬದಿಂದ ಕಂಬಕ್ಕೆ 72 ಮೀಟರಿನವರೆಗೆ ಚಾಚಿ, ಬಯಲುಸೀಮೆಯ ಬಿಸಿಲು ಗಾಳಿಗೆ ಒಡ್ಡಿಕೊಂಡೂ ಕರೆಂಟು ಒಯ್ಯಬೇಕಾದ ತಂತಿಗೆ ಇದಕ್ಕಿಂತ ಹೊಂದುವ ಗುಣ ಬೇರೆ ಇಲ್ಲ. ಇದನ್ನು ಮೊದಲು ಆರಿಸಿದ ಎಂಜಿನಿಯರರ ಬುದ್ಧಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೂ ಈ ತಂತಿಯಿಂದ ಭಯವಿಲ್ಲ. ಕ್ಯಾಡ್ಮಿಯಂ ತಾಮ್ರದೊಳಗೆ ಬಂಧಿಯಾಗಿರುತ್ತದೆ. ತೊಂದರೆ ಇರುವುದು ತಂತಿ ಹುಟ್ಟುವಲ್ಲಿ ಮತ್ತು ಸಾಯುವಲ್ಲಿ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಯಾಡ್ಮಿಯಂ 767ಕ್ಕೇ ಕುದಿದು ಆವಿಯಾಗುತ್ತದೆ. ಅಂದರೆ ಎರಕದ ಕುಲುಮೆಯಲ್ಲಿ ಅದನ್ನು ಬೆರೆಸುವಾಗ ಹೊಗೆ ಏಳದೆ ಇರುವುದಿಲ್ಲ. ಹಳೆಯ ತಂತಿ ಗುಜರಿಗೆ ಹೋಗಿ ಯಾವುದೋ ಸಣ್ಣ ಕುಲುಮೆಯಲ್ಲಿ ಕರಗುವಾಗಲೂ ಅದೇ ಹೊಗೆ. ಅದು ಶ್ವಾಸಕೋಶವನ್ನು ಸುಡುತ್ತದೆ, ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಕೂತುಬಿಡುತ್ತದೆ. ಜಪಾನಿನ ತೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿನ್‌ಜು ನದಿಗೆ, ಅಲ್ಲಿಂದ ಭತ್ತದ ಗದ್ದೆಗೆ ಇಳಿದು, ಉಂಡವರ ಎಲುಬುಗಳೇ ಮುರಿದುಬಿದ್ದವು. 1968ರಲ್ಲಿ ಅಲ್ಲಿನ ಸರಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಕುಲುಮೆಯ ಮುಂದೆ ಮುಖಗವಸೂ ಇಲ್ಲದೆ ನಿಂತ ಕೂಲಿಕಾರನಿಗೆ, ತಾನು ಕರಗಿಸುತ್ತಿರುವುದು ಯಾವ ತಾಮ್ರ ಎಂದು ಹೇಳುವವರು ಯಾರು? ನೋಡಿದರೆ ಎರಡೂ ಕೆಂಪೇ.

ಬೇರೆ ದಾರಿ ಇಲ್ಲವೆಂದಿದ್ದರೆ ಈ ಮಾತು ಎತ್ತುತ್ತಿರಲಿಲ್ಲ. ಜರ್ಮನಿಯ ರೈಲುಗಳು ಕೆಟನರಿಗೆ ಮೆಗ್ನೀಸಿಯಂ ತಾಮ್ರವನ್ನು ಬಳಸುತ್ತ ಬಂದಿವೆ. ಶೇ. 0.5 ಮೆಗ್ನೀಸಿಯಂ ಹಾಕಿದರೆ ವಾಹಕತೆ ಶೇ. 62ರ ಹತ್ತಿರಕ್ಕೆ ಇಳಿಯುತ್ತದೆ, ನಿಜ, ಶೇ. 0.2ಕ್ಕೆ ನಿಲ್ಲಿಸಿದರೆ 77ರಷ್ಟು ಉಳಿಯುತ್ತದೆ. ಕೆಳಗಿನ ದಪ್ಪ ತಂತಿಯೂ ಕರೆಂಟಿನ ಪಾಲು ಹೊರುವುದರಿಂದ ಈ ನಷ್ಟ ತಡೆಯಲಾಗದ್ದೇನಲ್ಲ.

ಇದೇ ಮಾರ್ಗದ ಕೂಡಗಿಯಲ್ಲಿ ಎನ್‌ಟಿಪಿಸಿಯ 800 ಮೆಗಾವಾಟಿನ ಮೂರು ಘಟಕಗಳಿವೆ. ಅಂಥ ದೊಡ್ಡ ಜನರೇಟರುಗಳ ರೋಟರ್ ಸುರುಳಿಗೆ ಸಾಮಾನ್ಯವಾಗಿ ಬಳಸುವುದು ಶೇ. 0.1ರಷ್ಟು ಬೆಳ್ಳಿ ಬೆರೆತ ತಾಮ್ರ. ಬೆಳ್ಳಿ ವಾಹಕತೆಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಆದರೆ ಬಿಸಿಯಲ್ಲಿ ತಾಮ್ರ ಮೆತ್ತಗಾಗದಂತೆ ಕಾಯುತ್ತದೆ. ತಾಮ್ರಕ್ಕೆ ವಿಷವಿಲ್ಲದ ಜೊತೆಗಾರರು ಇದ್ದಾರೆಂಬುದಕ್ಕೆ ಸಾಕ್ಷಿ ಇಷ್ಟು ಹತ್ತಿರದಲ್ಲೇ ಇದೆ.

ಕೆಟನರಿಯಾಗಿ ಕ್ಯಾಡ್ಮಿಯಂ ತಾಮ್ರ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ. ಆದರೂ ಅದರ ಕಾಲ ಮುಗಿಯಬೇಕು. ಹೊಸ ಮಾರ್ಗಗಳ ಟೆಂಡರಿನಲ್ಲಿ ಮೆಗ್ನೀಸಿಯಂ ತಾಮ್ರವನ್ನು ಕೇಳಿರಿ, ಇಳಿಸಿದ ಹಳೆಯ ತಂತಿಯನ್ನು ಹರಾಜಿನ ಗುಜರಿಗೆ ಬಿಡದೆ, ಹೊಗೆ ಹಿಡಿಯುವ ವ್ಯವಸ್ಥೆಯುಳ್ಳ ಕಾರ್ಖಾನೆಗೇ ಲೆಕ್ಕವಿಟ್ಟು ಒಪ್ಪಿಸಿರಿ ಎಂದು ರೈಲ್ವೆ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.