ಮುಳುಗಿದ ಸೊಪ್ಪಿನ ಹೆಸರು

ಕಿಮ್ಚಿಯನ್ನು ‘ಕೊರಿಯಾದ ಉಪ್ಪಿನಕಾಯಿ’ ಎಂದು ಹೇಳಿ ಮುಗಿಸುವವರ ಮೇಲೆ ನನ್ನದೊಂದು ತಕರಾರಿದೆ. ಉಪ್ಪಿನಕಾಯಿಯನ್ನು ನಾವು ನಂಚಿಕೊಳ್ಳುತ್ತೇವೆ. ಕೊರಿಯಾದವರು ಕಿಮ್ಚಿಯನ್ನು ಪಲ್ಯದ ಹಾಗೆ ಧಾರಾಳವಾಗಿ ತಿನ್ನುತ್ತಾರೆ. ಹುಳಿ ಏರಿದರೆ ಕುದಿಸಿ ಸಾರು ಮಾಡುತ್ತಾರೆ. ಅದು ಏನೆಂಬುದನ್ನು ಅದರ ಹೆಸರೇ ಹೇಳುತ್ತದೆ.

ಚೀನೀ ಅಕ್ಷರಗಳಲ್ಲಿ ಅದು ‘ಚಿಮ್‌ಚೆ’: ಮುಳುಗಿಸಿದ ತರಕಾರಿ. 1527ರಲ್ಲಿ ಚೋ ಸೆಜಿನ್ ಎಂಬ ಕೊರಿಯಾದ ವಿದ್ವಾಂಸ ಮಕ್ಕಳಿಗೆ ಅಕ್ಷರ ಕಲಿಸಲೆಂದು ಬರೆದ ಪುಸ್ತಕದಲ್ಲಿ ‘ದಿಮ್‌ಚೆ’ ಎಂದಿದೆ. ಮುಂದೆ ‘ದಿ’ ಹೋಗಿ ‘ಜಿ’ ಬಂತು. ಆಮೇಲಿನದು ಸ್ವಾರಸ್ಯ. ಕೆಲವು ಸೀಮೆಗಳಲ್ಲಿ ಜನ ಎಣ್ಣೆಗೆ ‘ಗಿರುಮ್’ ಅನ್ನದೆ ‘ಜಿರುಮ್’ ಅನ್ನುತ್ತಿದ್ದರು. ತರಕಾರಿಯ ಹೆಸರಿನ ‘ಜಿ’ಯೂ ಹಳ್ಳಿಮಾತಿನ ತಪ್ಪೇ ಇರಬೇಕೆಂದು ಅದನ್ನೂ ‘ಗಿ’ (ನಮ್ಮ ಬರಹದಲ್ಲಿ ‘ಕಿ’) ಎಂದು ತಿದ್ದಿದರು. ಇವತ್ತಿನ ಕಿಮ್ಚಿ ಇಲ್ಲದ ತಪ್ಪನ್ನು ತಿದ್ದಿ ಹುಟ್ಟಿದ ಮಾತು.

ಮುಳುಗಿಸುವುದು ಏಕೆಂದು ತಿಳಿಯಲು ಒಮ್ಮೆ ಕೈಯಾರೆ ಮಾಡಬೇಕು. ಉದ್ದನೆಯ ಚೀನೀ ಕೋಸನ್ನು ಸೀಳಿ, ಎಸಳೆಸಳಿನ ಬುಡಕ್ಕೆ ಕಲ್ಲುಪ್ಪು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆ ದಪ್ಪ ಬಿಳಿ ದಂಟನ್ನು ಬಗ್ಗಿಸಿದರೆ ಲಟಕ್ಕನೆ ಮುರಿಯಬಾರದು, ತೊಗಲಿನ ಪಟ್ಟಿಯಂತೆ ಬಾಗಬೇಕು. ತೊಳೆದು, ನೀರು ಬಸಿದು, ಅಕ್ಕಿಹಿಟ್ಟಿನ ಗಂಜಿಯಲ್ಲಿ ಕಲಸಿದ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಉಪ್ಪಿನ ಸಿಗಡಿಯನ್ನು ಎಸಳುಗಳ ನಡುವೆ ಸವರಿ. ಜಾಡಿಗೆ ತುಂಬಿ ಮುಷ್ಟಿಯಿಂದ ಅದುಮಿದರೆ ರಸ ಮೇಲೇರಿ ಎಲೆಗಳನ್ನು ಮುಚ್ಚುತ್ತದೆ. ಗಾಳಿ ತಾಗದ ಆ ಉಪ್ಪುರಸದೊಳಗೆ ಹುಳಿ ತರುವ ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಇಳಿಯುತ್ತವೆ, ಸಣ್ಣ ಗುಳ್ಳೆಗಳು ಏಳುತ್ತವೆ. ರಸದಿಂದ ಮೇಲೆ ಉಳಿದ ಎಲೆಗೆ ಬೂಸ್ಟು ಹಿಡಿಯುತ್ತದೆ.

ಕೆಂಪು ಬಣ್ಣ ತಡವಾಗಿ ಬಂದದ್ದು. ಚೋ ಸೆಜಿನ್ ಆ ಪದ ಬರೆದಿಟ್ಟಾಗ ಕೊರಿಯಾಕ್ಕೆ ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ. ಹಾಗಾಗಿ 2021ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಚೀನೀ ಭಾಷೆಯಲ್ಲಿ ಬಳಸಲು ‘ಶಿನ್‌ಚಿ’ ಎಂಬ ಹೆಸರನ್ನು ಗೊತ್ತುಮಾಡಿದ್ದು ನನಗೆ ಒಪ್ಪಿಗೆಯಾಗಿಲ್ಲ. ಚೀನೀಯರು ಕಿಮ್ಚಿಯನ್ನು ತಮ್ಮ ಉಪ್ಪುನೀರಿನ ತರಕಾರಿಯಾದ ‘ಪಾವ್‌ಚಾಯ್’ ಜೊತೆ ಸೇರಿಸಿಬಿಡುತ್ತಾರೆಂಬ ಸಂಕಟ ಅರ್ಥವಾಗುತ್ತದೆ. ಆದರೆ ಆ ಹೊಸ ಹೆಸರಿನ ಅಕ್ಷರಗಳ ಅರ್ಥ ಖಾರ, ವಿಶೇಷ ಎಂದು. ಮುಳುಗುವ ಮಾತೇ ಅದರಲ್ಲಿಲ್ಲ.

ಹಳೆಯ ‘ಚಿಮ್’ ಇನ್ನೂ ಕಿವಿಗೆ ಬೀಳುವುದು ‘ದೊಂಗ್‌ಚಿಮಿ’ಯಲ್ಲಿ. ‘ದೊಂಗ್’ ಎಂದರೆ ಚಳಿಗಾಲ. ಮೆಣಸಿನಪುಡಿ ಹಾಕದೆ, ತಿಳಿ ಉಪ್ಪುನೀರಿನಲ್ಲಿ ಮೂಲಂಗಿ ಮುಳುಗಿಸಿ ಹುಳಿ ಬರಿಸಿದ್ದು. ಆ ತಣ್ಣನೆಯ ನೀರನ್ನೂ ಬಟ್ಟಲಿನಿಂದ ಹೀರುತ್ತಾರೆ.